ಸಿಸೇರಿಯನ್ ಹೆಚ್ಚಳ: ಸೂಲಗಿತ್ತಿಯರ ಆಕ್ಷೇಪವೇನು?

ರಾಜ್ಯದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2015-16ರಲ್ಲಿ ಶೇ 23.6ರಷ್ಟಿತ್ತು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು ಶೇ 31.5ಕ್ಕೇರಿತು. ಅದೇ ಸಮೀಕ್ಷೆಯಂತೆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಶೇ 14.3, ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4. ತಾಯಂದಿರ ದೇಹಸ್ಥಿತಿಯೊಂದೇ ಇಷ್ಟು ಅಂತರಕ್ಕೆ ಕಾರಣವಾಗಲಾರದು.

ತರಬೇತಿ ಪಡೆದ ಸೂಲಗಿತ್ತಿಯರು ಶಸ್ತ್ರಚಿಕಿತ್ಸೆಯ ವಿರೋಧಿಗಳಲ್ಲ. ಮಾಸು ಗರ್ಭಕೊರಳಿಗೆ ಅಡ್ಡವಾಗಿದ್ದರೆ, ಶಿಶುವಿನ ಹೃದಯಬಡಿತ ಕುಸಿದರೆ ಸಿಸೇರಿಯನ್ ಜೀವರಕ್ಷಕವೇ ಸರಿ. ಅವರ ಆಕ್ಷೇಪವಿರುವುದು ಅವಸರದ ಕುರಿತು.

ಗರ್ಭಕೊರಳು ಗಂಟೆಗೆ 1 ಸೆಂ.ಮೀ. ಹಿಗ್ಗಲೇಬೇಕೆಂಬ ಹಳೆಯ ಅಳತೆ ಎಲ್ಲರಿಗೂ ಅನ್ವಯಿಸದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಹೇಳಿತು. 5 ಸೆಂ.ಮೀ. ತಲುಪುವವರೆಗೆ ಹೆರಿಗೆ ನಿಧಾನವಾಗಿ ಸಾಗುವುದು ಸಹಜ. ತಾಯಿ, ಮಗು ಕ್ಷೇಮವಾಗಿದ್ದರೆ ಕಾಯಬಹುದು. ಆ ಹೊತ್ತಿನಲ್ಲಿ ಗರ್ಭಿಣಿಯನ್ನು ನಡೆದಾಡಿಸುವುದು, ಭಂಗಿ ಬದಲಿಸುವುದು, ಬೆನ್ನು ನೀವುತ್ತ ಧೈರ್ಯ ತುಂಬುವುದು ಸೂಲಗಿತ್ತಿಯ ಕೆಲಸ.

ಅನಗತ್ಯವಾದ ಮೊದಲ ಸಿಸೇರಿಯನ್ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಕಲೆಗೆ ಅಂಟಿಕೊಂಡು ತೀವ್ರ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ.

ನರ್ಸ್‌ಗಳಿಗೆ 18 ತಿಂಗಳ ಸೂಲಗಿತ್ತಿ ತರಬೇತಿ ನೀಡುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಸಹಜ ಹೆರಿಗೆಯನ್ನು ಇವರು ನಿರ್ವಹಿಸಬೇಕು, ತೊಡಕು ಕಂಡೊಡನೆ ವೈದ್ಯರಿಗೆ ಒಪ್ಪಿಸಬೇಕು ಎಂಬುದು ಅದರ ಆಶಯ. ಕಾಯುವ ವ್ಯವಧಾನ ಮತ್ತು ಸಕಾಲದ ಶಸ್ತ್ರಚಿಕಿತ್ಸೆ, ಎರಡೂ ಒಂದೇ ಸೂರಿನಡಿ ದೊರೆತರೆ ಮಾತ್ರ ಹೆರಿಗೆ ಸುರಕ್ಷಿತ.