ಗಾಯಗೊಂಡ ಕೋಳಿಗೆ ಒಣ ಗೂಡೇ ಮೊದಲ ಮದ್ದು

ಮುಂಗಲಿ ಕಚ್ಚಿದ ಅಥವಾ ನಾಯಿ ಹಿಡಿದು ಬಿಟ್ಟ ಕೋಳಿ ಎಷ್ಟೋ ಸಲ ಗಾಯದಿಂದ ಸಾಯುವುದಿಲ್ಲ. ಗಾಯವಾದ ಮೇಲೆ ಅದೇ ಹಸಿ ಗೂಡಿಗೆ, ಅದೇ ಗುಂಪಿಗೆ ಬಿಡುವುದರಿಂದ ಸಾಯುತ್ತದೆ. ರಕ್ತ ಕಂಡ ಕೂಡಲೆ ಉಳಿದ ಕೋಳಿಗಳು ಅಲ್ಲಿಯೇ ಕುಕ್ಕುತ್ತವೆ. ಹಸಿ ಹಿಕ್ಕೆಗೆ ಬಂದ ನೊಣ ಗಾಯದ ಮೇಲೂ ಕುಳಿತು ಹುಳು ಬೀಳುತ್ತವೆ. ಐದಾರು ಜವಾರಿ ಕೋಳಿಗಳ ಮೊಟ್ಟೆ ಮಾರಿ ಸಂತೆಯ ಖರ್ಚು ತೂಗಿಸುವ ಮನೆಗೆ ಒಂದು ಹೇಂಟೆ ಹೋದರೂ ಅದು ಸಣ್ಣ ಹಾನಿಯಲ್ಲ. ಆದ್ದರಿಂದ ಗೂಡಿನ ಸ್ವಚ್ಛತೆ ಮತ್ತು ಗಾಯದ ಆರೈಕೆ ಎರಡನ್ನೂ ರೈತ ಬಾಂಧವರು ಒಂದೇ ಕೆಲಸವೆಂದು ತಿಳಿಯಬೇಕು.

ಗೂಡು ಹೇಗಿರಬೇಕು?

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದರೆ ಬೇಗ ಆರುವುದಿಲ್ಲ. ಗೂಡಿನ ನೆಲವನ್ನು ಅಂಗಳಕ್ಕಿಂತ ಒಂದು ಅಡಿ ಎತ್ತರಿಸಿ, ಗರಸು ಹಾಕಿ ಬಡಿದು ಗಟ್ಟಿ ಮಾಡಬೇಕು. ಅದರ ಮೇಲೆ 2-3 ಅಂಗುಲ ಒಣ ಹಾಸು ಹರಡಬೇಕು. ಕಲಘಟಗಿ ಕಡೆ ಭತ್ತದ ಹೊಟ್ಟು, ಶೇಂಗಾ ಬೆಳೆಯುವ ಊರುಗಳಲ್ಲಿ ಅದರ ಸಿಪ್ಪೆ ಸುಲಭವಾಗಿ ಸಿಗುತ್ತದೆ. ಬೂಸ್ಟು ಹಿಡಿದದ್ದನ್ನು ಹಾಕಬಾರದು.

ಹಾಸನ್ನು ವಾರಕ್ಕೆ 2 ಸಲ ತಿರುವಿ ಹಾಕಬೇಕು. ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಒತ್ತಿ ಬಿಡಿರಿ. ಉಂಡೆಯಾಗಿಯೇ ನಿಂತರೆ ಹಸಿ ಹೆಚ್ಚಾಗಿದೆ, ಉದುರಿದರೆ ಸರಿಯಿದೆ ಎಂದರ್ಥ. ಒಳಗೆ ಹೋದಾಗ ಕಣ್ಣು ಉರಿದರೆ ಗಾಳಿ ಸಾಲದು. ಹಸಿಯಾದ ಹಾಸನ್ನು ತೆಗೆದು ತಿಪ್ಪೆಗುಂಡಿಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಉಣ್ಣಿಗಳು ಹಗಲು ಗೋಡೆಯ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತವೆ. ಬಿರುಕು ಮುಚ್ಚಿ ಸುಣ್ಣ ಬಳಿಯಿರಿ; ಅದು ಪೂರ್ತಿ ಒಣಗಿದ ಮೇಲೆಯೇ ಕೋಳಿಗಳನ್ನು ಒಳಗೆ ಬಿಡಿರಿ.

ಗಾಯದ ಆರೈಕೆ

ಮೊದಲು ಗಾಯಗೊಂಡ ಕೋಳಿಯನ್ನು ಬೇರೆ ಮಾಡಬೇಕು. ಹಿಡಿಯುವಾಗ ಎದೆಯನ್ನು ಅಮುಕಬಾರದು. ಕೋಳಿ ಎದೆಗೂಡನ್ನು ಆಡಿಸಿಯೇ ಉಸಿರಾಡುತ್ತದೆ, ಬಿಗಿ ಹಿಡಿದರೆ ಉಸಿರು ಕಟ್ಟುತ್ತದೆ. ರಕ್ತ ಸೋರುತ್ತಿದ್ದರೆ ಶುಭ್ರ ಬಟ್ಟೆಯಿಂದ 5 ನಿಮಿಷ ಒತ್ತಿ ಹಿಡಿಯಿರಿ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಚಹಾ ಚಮಚದಿಂದ ಒಂದೂವರೆ ಚಮಚ ಉಪ್ಪು ಕರಗಿಸಿ ಗಾಯ ತೊಳೆಯಿರಿ. ಸುತ್ತಲಿನ ಪುಕ್ಕಗಳನ್ನು ಕತ್ತರಿಸಿ ಪೊವಿಡೋನ್ ಅಯೋಡಿನ್ ಮುಲಾಮು ಹಚ್ಚಿರಿ. ಕಾಲಿಗೆ ಎರೆಮಣ್ಣು ಉಂಡೆಗಟ್ಟಿದ್ದರೆ ಕೀಳಬೇಡಿರಿ, ಚರ್ಮವೂ ಕಿತ್ತು ಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಿರಿ.

ಕೋಳಿಯನ್ನು ಒಣ ಹಾಸಿನ ಮೇಲೆ ಬುಟ್ಟಿಯಡಿ ಇಟ್ಟು ನೀರು, ನೆನೆಸಿದ ಜೋಳದ ನುಚ್ಚು ಹತ್ತಿರವೇ ಇಡಿರಿ. ಬುಟ್ಟಿ ಗುಂಪಿನ ಕಣ್ಣೆದುರಿಗೇ ಇರಲಿ. ಬಹಳ ದಿನ ಮರೆಯಾದ ಕೋಳಿ ತಿರುಗಿ ಬಂದರೆ ಉಳಿದವು ಹೊಸದೆಂದು ಕುಕ್ಕುತ್ತವೆ. ಚರ್ಮ ಕೂಡಿಕೊಂಡ ಮೇಲೆಯೇ ಗುಂಪಿಗೆ ಸೇರಿಸಬೇಕು. ಹುಳು ಬಿದ್ದರೆ, ಎಲುಬು ಮುರಿದರೆ ಪಶುವೈದ್ಯರಿಗೆ ತೋರಿಸಿರಿ. ಅವರು ಔಷಧ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿ ತಿಳಿಯಿರಿ.

ಎಲ್ಲ ಕುಂಟೂ ಗಾಯವಲ್ಲ

ಗಾಯವಿಲ್ಲದೆ ಕುಂಟುವುದು, ಕುತ್ತಿಗೆ ತಿರುಚುವುದು, ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಡುವುದು ಕಂಡರೆ ಅದು ಕೊಕ್ಕರೆ ರೋಗವಿರಬಹುದು. ಇದಕ್ಕೆ ಮದ್ದಿಲ್ಲ, ತಡೆಯುವ ಲಸಿಕೆ ಮಾತ್ರ ಇದೆ. ಮರಿಗೆ 5-7ನೆಯ ದಿನ ಲಸೋಟಾ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಅಥವಾ ಮೂಗಿಗೆ ಹಾಕಿಸಬೇಕು. ಸುಮಾರು 8ನೆಯ ವಾರಕ್ಕೆ ಆರ್‌2ಬಿ ಚುಚ್ಚುಮದ್ದು ಕೊಡಿಸಬೇಕು. ಇಂಥ ಕೋಳಿಯನ್ನು ಸಂತೆಗೆ ಒಯ್ಯುವುದೆಂದರೆ ರೋಗವನ್ನು ಹತ್ತೂರಿಗೆ ಹಂಚಿದಂತೆ. ಸತ್ತದ್ದನ್ನು ಹಳ್ಳಕ್ಕೆ ಎಸೆಯದೆ, ಬರಿಗೈಯಿಂದ ಮುಟ್ಟದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಒಮ್ಮೆಲೆ ಹಲವು ಕೋಳಿ ಸತ್ತರೆ ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿರಿ. 1962 ಸಹಾಯವಾಣಿಗೂ ಕರೆ ಮಾಡಬಹುದು.