ಗೆಲಾಕ್ಸಿಗಳ ಗುಂಪನ್ನು ತೂಗುವುದು ಹೇಗೆ?

ಮಕ್ಕಳೇ, ತರಕಾರಿ ಕೊಳ್ಳುವಾಗ ಅಜ್ಜಿ ತಕ್ಕಡಿಯ ಮುಳ್ಳನ್ನೇ ನೋಡುತ್ತಾರಲ್ಲವೇ? ತಕ್ಕಡಿಗೇ ಹಿಡಿಸದ್ದನ್ನು ತೂಗುವ ಬಗೆ ನನಗೆ ಯಾವಾಗಲೂ ಸೋಜಿಗ.

ಸುಮಾರು 24 ಕೋಟಿ ಜ್ಯೋತಿರ್ವರ್ಷಗಳಾಚೆ ಪರ್ಸಿಯಸ್ ಎಂಬ ಗೆಲಾಕ್ಸಿಗಳ ದೊಡ್ಡ ಗುಂಪಿದೆ. ಅವುಗಳ ನಡುವೆ ತುಂಬಿರುವ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ಕಿರಣ ಸೂಸುತ್ತದೆ. ಇಷ್ಟು ಬಿಸಿ ಅನಿಲ ಚದುರದಂತೆ ಹಿಡಿದಿಡಲು ಎಷ್ಟು ಗುರುತ್ವ ಬೇಕು? ಆ ಲೆಕ್ಕವೇ ಗುಂಪಿನ ತೂಕ ಹೇಳುತ್ತದೆ. ಅದರ ಬಹುಪಾಲು ಕಣ್ಣಿಗೆ ಕಾಣದ ಕಪ್ಪು ದ್ರವ್ಯದ್ದು!

ಆದರೆ ಅನಿಲ ಒಳಗೊಳಗೇ ಕಲಕುತ್ತಿದ್ದರೆ? ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಇಂಥ ಗುಂಪುಗಳನ್ನು ಕಟ್ಟಿ, ಅದೇ ರೀತಿ ತೂಗಿ ನೋಡಿದರು. ಅಲ್ಲಿ ನಿಜವಾದ ತೂಕ ಮೊದಲೇ ಗೊತ್ತು. ಲೆಕ್ಕದ ತೂಕ ಸಾಮಾನ್ಯವಾಗಿ ಕಡಿಮೆ ಬಂತು! ಅನಿಲವನ್ನು ಚದುರಿಸಲು ಬಿಸಿಯ ಜೊತೆ ಕಲಕಾಟವೂ ಸೇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

2016ರಲ್ಲಿ ಜಪಾನಿನ ಹಿಟೊಮಿ ಉಪಗ್ರಹ ಪರ್ಸಿಯಸ್‌ನ ನಡುಭಾಗದ ಕಲಕಾಟವನ್ನು ಅಳೆಯಿತು: ಸೆಕೆಂಡಿಗೆ ಸುಮಾರು 164 ಕಿ.ಮೀ. ನಮಗಿದು ಬಿರುಗಾಳಿ, ಆ ಬಿಸಿ ಅನಿಲಕ್ಕೆ ತಂಗಾಳಿ. ಹಾಗಾಗಿ ಅಲ್ಲಿ ತೂಕದ ತಪ್ಪು ಸಣ್ಣದೇ. ಹಾರಿದ ಕೆಲವೇ ವಾರಗಳಲ್ಲಿ ಹಿಟೊಮಿ ಒಡೆದುಹೋಯಿತು. 2023ರಲ್ಲಿ ಹಾರಿದ ಕ್ರಿಸಮ್ ಉಪಗ್ರಹ ಈಗ ಆ ಕೆಲಸವನ್ನು ಮುಂದುವರಿಸಿದೆ.