ಹೊಗೆಯ ಬಣ್ಣ ನೋಡಿದ್ರಾ?

ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಸಾಕು, ನಮ್ಮ ಹಳೇ ಎಂಪಿಎಫ್‌ಐ ಕಾರಿನ ಹಿಂದೆ ನೀಲಿ ಹೊಗೆ. ‘ಇಂಜಿನ್ ಬಿಚ್ಚಬೇಕು ಅಕ್ಕಾ’ ಅಂದ ಮಧುಗಿರಿಯ ಮೆಕ್ಯಾನಿಕ್. ಯಜಮಾನರ ಕಣ್ಣು ನನ್ನ ಬಳೆ ಮೇಲೆ!

ನಿಮಗೂ ಹೀಗಾದರೆ ಗಾಬರಿ ಬೇಡ. ಹೊಗೆಯ ಬಣ್ಣ, ಅದು ಬರುವ ಹೊತ್ತು ಗಮನಿಸಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಒಂದಿಷ್ಟು ಹೊಗೆ ಬಿಟ್ಟು ಸುಮ್ಮನಾದರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಸವೆದಿರುತ್ತದೆ; ಇಂಜಿನ್ ಪೂರ್ತಿ ಬಿಚ್ಚುವಷ್ಟು ಖರ್ಚಿಲ್ಲ. ನಮ್ಮದೂ ಅದೇ ಅಂತ ಕೊರಟಗೆರೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದ ಮೇಲೇ ಬಳೆ ಉಳಿದದ್ದು. ಏರು ಹತ್ತುವಾಗಲೂ ಬಿಡದೆ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಆದರೂ ಕಂಪ್ರೆಶನ್ ಪರೀಕ್ಷೆ ಮಾಡಿಸದೆ ಇಂಜಿನ್ ಬಿಚ್ಚಲು ಒಪ್ಪಬೇಡಿ.

ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಇಂಜೆಕ್ಟರ್ ಸೋರುತ್ತಿರಬಹುದು, ಸೆನ್ಸರ್ ಕೆಟ್ಟಿರಬಹುದು. ಶಿರಾ ಕಡೆ ಧೂಳಿನಲ್ಲಿ ಓಡಾಡುವವರು ಮೊದಲು ಏರ್ ಫಿಲ್ಟರ್ ತೆಗೆದು ನೋಡಿ.

ಚಳಿಯಲ್ಲಿ ತೆಳು ಬಿಳಿ ಆವಿ ಸಹಜ. ದಟ್ಟ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಗಾಡಿ ಓಡಿಸಲೇಬೇಡಿ. ಪಾವಗಡದ ಬೋರ್‌ವೆಲ್ಲಿನ ಗಡಸು ನೀರು ಸುರಿಯುವ ಬದಲು ಕೂಲೆಂಟ್ ಹಾಕಿಸಿ. ಇಂಜಿನ್ ಬಿಸಿಯಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದೀರಿ, ಜೋಕೆ!